ಹುಬ್ಬಳ್ಳಿಯಿಂದ ಅರಮನೆ ನೋಡಲು: ಮೈಸೂರೋ, ಕೊಲ್ಹಾಪುರವೋ?

ಹುಬ್ಬಳ್ಳಿಯಲ್ಲಿ ಅರಮನೆ ನೋಡಬೇಕು ಅಂದರೆ ಎಲ್ಲರೂ ಮೈಸೂರಿನ ಹೆಸರನ್ನೇ ಹೇಳುತ್ತಾರೆ. ಹತ್ತಿರ ಇರುವುದು ಮಾತ್ರ ಕೊಲ್ಹಾಪುರದ ನ್ಯೂ ಪ್ಯಾಲೇಸ್. ಬೆಳಗಾವಿ, ನಿಪ್ಪಾಣಿ ದಾಟಿ ಹೆದ್ದಾರಿಯಲ್ಲೇ ಸುಮಾರು 200 ಕಿಲೋಮೀಟರ್. ಮೈಸೂರು ಅದರ ಎರಡು ಪಟ್ಟು ದೂರ. ಮನೆಯವರನ್ನೆಲ್ಲ ಕರೆದುಕೊಂಡು ಎರಡನ್ನೂ ನೋಡಿ ಬಂದಿದ್ದೇನೆ. ಅವ್ವನಿಗೆ ಮೊಣಕಾಲು ನೋವು, ಮಗನಿಗೆ ಒಂದು ಕಡೆ ನಿಂತು ಗೊತ್ತಿಲ್ಲ. ನನ್ನ ಅಳತೆ ಅದರ ಮೇಲೇ ನಿಂತಿದೆ.

ಕೊಲ್ಹಾಪುರಕ್ಕೆ ನಮ್ಮ ಕಡೆಯವರು ಹೇಗೂ ಅಂಬಾಬಾಯಿ ದರ್ಶನಕ್ಕೆ ಹೋಗುತ್ತಾರೆ. ಅದೇ ಓಡಾಟದಲ್ಲಿ ಅರಮನೆಯೂ ಮುಗಿಯುತ್ತದೆ. ಮೇಜರ್ ಚಾರ್ಲ್ಸ್ ಮ್ಯಾಂಟ್ ನಕ್ಷೆ ಹಾಕಿದ ಕಟ್ಟಡ, 1884ರಲ್ಲಿ ಪೂರ್ತಿಯಾಯಿತು. ನಯ ಮಾಡಿದ ಕಪ್ಪು ಕಲ್ಲು, ನಡುವೆ ಎತ್ತರದ ಗಡಿಯಾರ ಗೋಪುರ. ಮೇಲೆ ರಾಜಮನೆತನದವರು ಈಗಲೂ ಇದ್ದಾರೆ, ಕೆಳಗೆ ಮ್ಯೂಸಿಯಂ. ಹತ್ತಿ ಇಳಿಯುವ ಕೆಲಸ ಕಡಿಮೆ ಅಂತ ಅವ್ವನಿಗೆ ಇದೇ ಸರಿಹೋಯಿತು. ಮಗ ಹುಲ್ಲು ತುಂಬಿದ ಹುಲಿ, ಚಿರತೆಗಳ ಮುಂದೆ ಕಾಲೂರಿ ನಿಂತುಬಿಟ್ಟ. ನನಗೆ ಅಷ್ಟೊಂದು ಸತ್ತ ಪ್ರಾಣಿಗಳನ್ನು ನೋಡಿ ಬೇಜಾರೇ ಆಯಿತು. ದರ್ಬಾರ್ ಹಾಲ್ ಮಾತ್ರ ಬಿಡಬೇಡಿ. ಬಣ್ಣದ ಗಾಜಿನಲ್ಲಿ ಶಿವಾಜಿ ಮಹಾರಾಜರ ಜೀವನದ ಪ್ರಸಂಗಗಳಿವೆ, ಬೆಳಕು ಬಿದ್ದಾಗ ಚೆಂದ ಕಾಣುತ್ತವೆ. ಹೊರಗೆ ಮರಗಳು, ಸಣ್ಣ ಕೆರೆ, ಜಿಂಕೆಗಳು. ಒಟ್ಟು ಅರ್ಧ ದಿನ ಸಾಕು.

ಇನ್ನು ಮೈಸೂರು. ಒಳಗೆ ಕಾಲಿಟ್ಟ ಮೇಲೆ ಹೋಲಿಕೆಯೇ ಇಲ್ಲ, ಒಪ್ಪಿಕೊಳ್ಳಲೇಬೇಕು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಸುಟ್ಟುಹೋಯಿತು. ಆಗ ಆಡಳಿತ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಹೆನ್ರಿ ಇರ್ವಿನ್‌ಗೆ ಹೊಸದರ ಕೆಲಸ ಒಪ್ಪಿಸಿದರು. 1912ಕ್ಕೆ ಮುಗಿಯಿತು. ಖರ್ಚು ಸುಮಾರು 41 ಲಕ್ಷ ರೂಪಾಯಿ, ಆ ಕಾಲದ್ದು! ಬೆಂಕಿಯ ಪಾಠ ಕಲಿತಿದ್ದರು ಅಂತ ಕಲ್ಯಾಣ ಮಂಟಪದಲ್ಲಿ ನಿಂತರೆ ಅನಿಸುತ್ತದೆ. ಕಂಬಗಳೆಲ್ಲ ಎರಕದ ಕಬ್ಬಿಣ, ಗ್ಲಾಸ್ಗೋದಲ್ಲಿ ಮಾಡಿಸಿದ್ದು. ತಲೆ ಎತ್ತಿದರೆ ಗಾಜಿನ ನವಿಲುಗಳು. ಆದರೆ ನಿಧಾನಕ್ಕೆ ನೋಡಬೇಕಾದದ್ದು ಸುತ್ತಲಿನ ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳು. ಫೋಟೋ ಇಟ್ಟುಕೊಂಡು ಬರೆದವು ಅವು. ಅಲ್ಲಿರುವ ಮುಖಗಳು ನಿಜವಾಗಿ ಬದುಕಿದ್ದವರ ಮುಖಗಳು. ಹೆಚ್ಚಿನವರು ಮೇಲೆ ನವಿಲು ನೋಡುತ್ತ ಇವನ್ನು ದಾಟಿ ಹೋಗಿಬಿಡುತ್ತಾರೆ.

ತೊಂದರೆ ಕಾಲಿನದ್ದು. ಚಪ್ಪಲಿ ಹೊರಗೆ ಬಿಡಬೇಕು, ಮೆಟ್ಟಿಲು ಹತ್ತಬೇಕು, ದಾರಿ ಉದ್ದ, ಜನ ಜಾಸ್ತಿ. ಬೆಳಿಗ್ಗೆ 10 ಗಂಟೆಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಸ್ವಲ್ಪ ವಾಸಿ. ತೋಟದ ವಿಷಯಕ್ಕೆ ಬಂದರೆ ಮೈಸೂರು ಅರಮನೆಗೆ ನನ್ನ ಅಂಕ ಕಡಿಮೆ. ಹೂವು, ಹುಲ್ಲು ಎಲ್ಲ ಅಚ್ಚುಕಟ್ಟು, ಆದರೆ ಅದು ಅರಮನೆಗೆ ಹಾಕಿದ ಸೀರೆ ಅಂಚಿನ ಹಾಗೆ. ನೋಡಿ ಮುಂದೆ ನಡೆಯುವುದಕ್ಕೆ ಸರಿ, ಅವ್ವ ನೆರಳಲ್ಲಿ ಒಂದಿಷ್ಟು ಹೊತ್ತು ಕೂರುವುದಕ್ಕಲ್ಲ.

ಕೂರಬೇಕು ಅಂದರೆ ಪಕ್ಕದ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ತೇಗದ ಮರದ ಪುಟ್ಟ ಕಟ್ಟಡ, ಸುತ್ತ ತೋಟವೇ ಜಾಸ್ತಿ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಸೋತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮಗನಿಗೆ ಹುಡುಕಲು ಹೇಳಿದರೆ ಸುಮ್ನೆ ಅರ್ಧ ಗಂಟೆ ಕಳೆಯುತ್ತದೆ.

ಒಂದೇ ದಿನ ರಜೆ ಇದ್ದರೆ, ಜೊತೆಗೆ ವಯಸ್ಸಾದವರಿದ್ದರೆ, ಕೊಲ್ಹಾಪುರ ಸಾಕು. ಮೈಸೂರಿಗೆ ಹೊರಟರೆ ಶನಿವಾರ ರಾತ್ರಿ ರೈಲು ಹತ್ತಿ. ಭಾನುವಾರ ಸಂಜೆ 7ಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಅದನ್ನು ಬಿಟ್ಟು ಬಂದರೆ ಅಷ್ಟು ದೂರ ಹೋಗಿದ್ದು ಅರ್ಧಂಬರ್ಧ, ಅಲ್ವಾ? ದಸರಾದಲ್ಲಿ ದೀಪ ದಿನವೂ ಇರುತ್ತದೆ, ಚಿನ್ನದ ಸಿಂಹಾಸನವನ್ನೂ ಆಗಲೇ ಜೋಡಿಸುತ್ತಾರೆ. ಆ ನೂಕುನುಗ್ಗಲಿಗೆ ನಾನು ಒಬ್ಬನೇ ಹೋದೇನು, ಅವ್ವನನ್ನು ಕರೆದೊಯ್ಯುವುದಿಲ್ಲ.