ಹಾರ್ಮೋನು ತಿನ್ನಿಸಿದ ಪೀಕಾಕ್ ಮೀನು ಕೊಂಡು ಮೋಸಹೋಗಬೇಡಿ

ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲ ಕಡೆ ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ ವಿಡಿಯೊ ಕಳುಹಿಸಿ, ಹಣ ಮೊದಲೇ ಹಾಕಿಸಿಕೊಂಡು, ಬಸ್ಸಿನಲ್ಲಿ ಪಾರ್ಸೆಲ್ ಕಳುಹಿಸುವ ಒಬ್ಬ ಮೀನು ವ್ಯಾಪಾರಿ ಪೀಕಾಕ್ ಸಿಕ್ಲಿಡ್ ಎಂಬ ಬಣ್ಣದ ಮೀನಿನ ಹೆಸರಿನಲ್ಲಿ ನನಗೆ ಮಾಡಿದ್ದು ಶುದ್ಧ ಮೋಸ. ಒಂದಕ್ಕೆ 650 ರೂಪಾಯಿಯಂತೆ ಎಂಟು ಮೀನು. ಪ್ಯಾಕಿಂಗ್, ಬಸ್ಸಿನ ಬಾಡಿಗೆ ಬೇರೆ.

ಈ ಮೀನಿನಲ್ಲಿ ಹೊಳೆಯುವ ಬಣ್ಣ ಗಂಡಿಗೇ. ಆದ್ದರಿಂದ ಹಣ ಹಾಕುವ ಮೊದಲು ಸ್ಪಷ್ಟವಾಗಿ ಕೇಳಿದ್ದೆ. ಎಲ್ಲವೂ ಗಂಡೇ ತಾನೆ? "ನೂರಕ್ಕೆ ನೂರು ಗಂಡು ಅಣ್ಣಾ, ಬಣ್ಣ ನೋಡಿದರೆ ಗೊತ್ತಾಗುವುದಿಲ್ಲವೇ?" ನಮ್ಮದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು, ಆಗುತ್ತದೆಯೇ? "ಸಿಕ್ಲಿಡ್ ಎಂದರೆ ನಿಮ್ಮ ಕರಿಮೀನಿನ ಕುಟುಂಬ ಅಣ್ಣಾ, ಗಟ್ಟಿ ಜೀವ, ಯಾವ ನೀರಾದರೂ ನಡೆಯುತ್ತದೆ." ಕರಿಮೀನು ಸಿಕ್ಲಿಡ್ ಕುಟುಂಬದ್ದು ಎನ್ನುವುದು ನಿಜ. ಆದರೆ ಪೀಕಾಕ್ ಆಫ್ರಿಕಾದ ಮಲಾವಿ ಸರೋವರದ ಮೀನು. ಅಲ್ಲಿಯ ನೀರು ಕ್ಷಾರೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸು. ಮುರಕಲ್ಲಿನ (ಜಂಬಿಟ್ಟಿಗೆಯ) ಒಳಗಿಂದ ಒಸರಿ ಬರುವ ನಮ್ಮ ನೀರು ಮೆದು, ಆಮ್ಲೀಯ. ಅದಕ್ಕೆಂದೇ ಫಿಲ್ಟರಿನಲ್ಲಿ ಸುಣ್ಣಕಲ್ಲಿನ ಚೂರು, ಮರುವಾಯಿಯ ಚಿಪ್ಪು ತುಂಬಿಸಿ, ಟೆಸ್ಟ್ ಕಿಟ್‌ನಲ್ಲಿ 8 ತೋರಿಸಿದ ಮೇಲೆಯೇ ನಾನು ಮೀನು ತರಿಸಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಬಂದ ಮೀನುಗಳು ಎರಡು ಅಂಗುಲವೂ ಇರಲಿಲ್ಲ. ಬಣ್ಣ ಮಾತ್ರ ಕಣ್ಣು ಕೋರೈಸುವಂಥದ್ದು. ನೀಲಿ ಮುಖ, ಕಿತ್ತಳೆ ಮೈ, ಬೆನ್ನಿನ ರೆಕ್ಕೆಯ ಅಂಚಿಗೆ ಬಿಳಿ ಗೆರೆ. ಎಂಟಕ್ಕೆ ಎಂಟೂ ಹಾಗೆಯೇ. ಕೆಲವು ವಾರಗಳಲ್ಲಿ ಮೊದಲು ಬಾಲದ ಬುಡ ಮಾಸಿತು, ಆಮೇಲೆ ಹೊಟ್ಟೆ, ಆಮೇಲೆ ಮುಖ. ಒಂದನ್ನು ಬಿಟ್ಟು ಉಳಿದ ಏಳೂ ಬೂದುಗಂದು ಬಣ್ಣಕ್ಕೆ ತಿರುಗಿದವು, ಮೈಮೇಲೆ ಮಸುಕು ಅಡ್ಡಪಟ್ಟೆ.

ಫೋಟೊ ಕಳುಹಿಸಿದೆ. ಬಂದ ಉತ್ತರ: "ನಿಮ್ಮ ನೀರು ಸರಿಯಿಲ್ಲ ಅಣ್ಣಾ. ಸುರಂಗದ ನೀರಿನಲ್ಲಿ ಪೀಕಾಕ್ ಇಡುತ್ತಾರೆಯೇ?" ಯಾವ ನೀರಾದರೂ ನಡೆಯುತ್ತದೆ ಎಂದ ಅದೇ ಬಾಯಿ! ಟೆಸ್ಟ್ ಕಿಟ್‌ನ ಫೋಟೊ ಕಳುಹಿಸಿದೆ. ಆಗ ಆಹಾರದ್ದು ತಪ್ಪಾಯಿತು. "ನನ್ನ ಹತ್ತಿರ ಇರುವ ಆಹಾರ ತರಿಸಿ, ಡಬ್ಬಕ್ಕೆ 900" ಎಂದರು. ಅದಕ್ಕೂ ನಾನು ಒಪ್ಪದಿದ್ದಾಗ, "ಒಂದು ಗಂಡು ಜೋರಾದರೆ ಉಳಿದ ಗಂಡುಗಳು ಬಣ್ಣ ಬಿಡುತ್ತವೆ, ನಿಮಗೆ ಅಷ್ಟೂ ಗೊತ್ತಿಲ್ಲವೇ?" ಇದು ಅರ್ಧ ನಿಜವಾದ್ದರಿಂದ ಸುಮ್ಮನಾದೆ. ತಿಂಗಳುಗಟ್ಟಲೆ ಸುಮ್ಮನಿದ್ದೆ.

ಆಮೇಲೊಂದು ಸಂಜೆ ಆಹಾರ ಹಾಕಿದರೆ ಒಂದು ಮೀನು ಮೇಲೆ ಬರಲೇ ಇಲ್ಲ. ಕಲ್ಲಿನ ಸಂದಿಯಲ್ಲಿ ನಿಂತಿತ್ತು. ಗಂಟಲು ಉಬ್ಬಿತ್ತು, ಬಾಯಿ ಏನನ್ನೋ ಮೆಲ್ಲಗೆ ಹೊರಳಿಸುತ್ತಿತ್ತು. ಟಾರ್ಚು ಹಿಡಿದೆ. ತುಟಿ ತೆರೆದಾಗ ಒಳಗೆ ಹಳದಿ ಮೊಟ್ಟೆಗಳು. ಪೀಕಾಕ್‌ಗಳಲ್ಲಿ ಮೊಟ್ಟೆಯನ್ನು ಬಾಯಲ್ಲಿಟ್ಟು ಮರಿ ಮಾಡುವುದು ಹೆಣ್ಣು! ನೂರಕ್ಕೆ ನೂರು ಗಂಡು ಎಂದು ಮಾರಿದ ಮೀನಿನ ಬಾಯಲ್ಲಿ ಮೊಟ್ಟೆ!

ಆಗ ಮೈಯೆಲ್ಲ ಉರಿದುಹೋಯಿತು. ಈ ಮೀನಿನಲ್ಲಿ ಹೆಣ್ಣಿಗೆ ಹುಟ್ಟಿನಿಂದಲೇ ಬೂದುಗಂದು ಬಣ್ಣ. ತಿಲಾಪಿಯ ಸಾಕಣೆಯಲ್ಲಿ ಮರಿಗಳನ್ನೆಲ್ಲ ಗಂಡಾಗಿಸಲು ಮೀಥೈಲ್ ಟೆಸ್ಟೊಸ್ಟೆರೋನ್ ಬೆರೆಸಿದ ಆಹಾರ ಕೊಡುವ ಪದ್ಧತಿ ಇದೆ. ಅಂಥ ಹಾರ್ಮೋನನ್ನು ಪೀಕಾಕ್‌ನ ಮರಿಗಳಿಗೂ ಹೆಣ್ಣುಗಳಿಗೂ ತಿನ್ನಿಸಿದರೆ ಗಂಡಿನ ಬಣ್ಣ ಬರುತ್ತದೆ. ತಿನ್ನಿಸುವುದು ನಿಂತ ಮೇಲೆ ಇಳಿದುಹೋಗುತ್ತದೆ. ತಪ್ಪು ನೀರಿನದೂ ಅಲ್ಲ, ಆಹಾರದ್ದೂ ಅಲ್ಲ.

ವಿಡಿಯೊ ಕಳುಹಿಸಿದ್ದಕ್ಕೆ ಬಂದ ಉತ್ತರ ಕೇಳಿ: "ಗಂಡು ಎಂದು ನಾನು ಎಲ್ಲಿ ಹೇಳಿದೆ? ಮರಿ ಸಿಗುತ್ತದಲ್ಲ, ನಿಮಗೇ ಲಾಭ." ನೂರಕ್ಕೆ ನೂರು ಗಂಡು ಎಂದ ಅವರದೇ ಧ್ವನಿ ಸಂದೇಶವನ್ನು ಅವರಿಗೇ ತಿರುಗಿಸಿ ಕಳುಹಿಸಿದೆ. ಕೇಳಿದರು. ನೀಲಿ ಗುರುತು ಬಂತು. ಅಲ್ಲಿಗೆ ನನ್ನನ್ನು ಬ್ಲಾಕ್ ಮಾಡಿದರು. ಹಣ ಹೋದದ್ದಕ್ಕಿಂತ ಹೆಚ್ಚು ನೋವು ಯಾವುದೆಂದರೆ, ನನ್ನ ಮನೆಯಲ್ಲಿ ಮೀನು ನೋಡಿ ಭಾವನೂ ಇವರಿಂದಲೇ ನಾಲ್ಕು ತರಿಸಿದ್ದರು. ಅವರ ತೊಟ್ಟಿಯಲ್ಲೂ ಈಗ ನಾಲ್ಕು ಬೂದು ಮೀನು. ಅವರ ಎದುರು ನಿಲ್ಲಲು ನಾಚಿಕೆಯಾಗುತ್ತದೆ.

ಎರಡು ಅಂಗುಲದ ಪೀಕಾಕ್ ಮರಿಗಳು ಸಾಲಾಗಿ ಒಂದೇ ಹೊಳಪಿನಲ್ಲಿ ಕಂಡರೆ ಕೊಳ್ಳಬೇಡಿ. ಗಂಡಿಗೆ ಸಹಜವಾಗಿ ಪೂರ್ತಿ ಬಣ್ಣ ಕಟ್ಟುವುದು ಬೆಳೆದ ಮೇಲೆ. ತಾಯಿ ಮೀನನ್ನು, ಬೂದು ಹೆಣ್ಣುಗಳನ್ನು ತೋರಿಸಿ ಎಂದು ಕೇಳಿ. ಮರಿ ಮಾಡಿಸುವವರ ಹತ್ತಿರ ಅವು ಇದ್ದೇ ಇರುತ್ತವೆ. ಇವರು ನನಗೆ ಒಮ್ಮೆಯೂ ತೋರಿಸಲಿಲ್ಲ. ಮಾತುಕತೆಯ ಸಂದೇಶ ಒಂದನ್ನೂ ಅಳಿಸಬೇಡಿ.

ಅದೇ ಹಳೆಯ ವಿಡಿಯೊ ಈಗ ಬೇರೆ ನಂಬರಿನಿಂದ ನಮ್ಮ ಕಡೆಯ ಗುಂಪುಗಳಲ್ಲಿ ಮತ್ತೆ ಬರುತ್ತಿದೆ, ಬೆಲೆ 750ಕ್ಕೆ ಏರಿದೆ. ತೊಟ್ಟಿಯ ಬಲಗಡೆ ಹಿಡಿ ಮುರಿದ ನೀಲಿ ಬಕೆಟ್ ಕಾಣುತ್ತದೆ. ಆ ವಿಡಿಯೊ ಬಂದರೆ ಹಣ ಹಾಕಬೇಡಿ.