ಗೋಕರ್ಣದ ರಥಬೀದಿಯಲ್ಲಿ ಕೊಂಡ ಅಂಬರ್: ಮಾಲೆ ಸಾಚಾ, ಜೇನಿದ್ದ ತುಂಡು ಅಲ್ಲ

ಗೋಕರ್ಣದ ರಥಬೀದಿಯಿಂದ ಕಡಲಿನ ಕಡೆಗೆ ಇಳಿಯುವಲ್ಲಿ ರುದ್ರಾಕ್ಷಿ, ಸ್ಫಟಿಕ, ಶಂಖಗಳ ಜೊತೆಗೆ ಅಂಬರ್ ಮಾರುವ ಒಂದು ಸಣ್ಣ ಅಂಗಡಿಯಿದೆ. ಕಳೆದ ಮಾಘ ಮಾಸದಲ್ಲಿ ಅಲ್ಲಿಂದ ಮಗಳಿಗಾಗಿ ಎರಡು ವಸ್ತುಗಳನ್ನು ಕೊಂಡೆ. ಒಂದು ಜೇನುಬಣ್ಣದ ಮಣಿಮಾಲೆ. ತೂಕ 32 ಗ್ರಾಂ, ಬೆಲೆ 9,600 ರೂಪಾಯಿ. ಇನ್ನೊಂದು, ಒಳಗೆ ಕೀಟ ಸಿಕ್ಕಿಕೊಂಡಿರುವ, ಹೆಬ್ಬೆರಳಿನ ಗಾತ್ರದ ಹಳದಿ ತುಂಡು; ಬೆಲೆ 4,500 ರೂಪಾಯಿ. ಎರಡನ್ನೂ ಬಾಲ್ಟಿಕ್ ಅಂಬರ್, ಅಂದರೆ ಉತ್ತರ ಯುರೋಪಿನ ಬಾಲ್ಟಿಕ್ ಕಡಲಂಚಿನದು ಎಂದೇ ಹೇಳಿ ಕೊಟ್ಟರು. ಕಾರವಾರದಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು; ಆದ್ದರಿಂದ ಎರಡನ್ನೂ ಮನೆಯಲ್ಲಿ ಪರೀಕ್ಷಿಸಿದೆ, ಆಮೇಲೆ ಮುಂಬಯಿಯ ಒಂದು ರತ್ನಪರೀಕ್ಷಾ ಪ್ರಯೋಗಾಲಯಕ್ಕೂ ಕಳಿಸಿದೆ. ಇದರಲ್ಲಿ ದೂರಿನ ಅಂಶವೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಸರಕು ಆ ಬೀದಿಯಲ್ಲಿ ಮಾತ್ರವಲ್ಲದೆ ಬೇರೆ ಕಡೆಗಳಲ್ಲೂ ಸಿಗುತ್ತದೆಯಾದ್ದರಿಂದ, ಕೊಳ್ಳುವವರಿಗೆ ಅಂಗಡಿಗಿಂತ ಸರಕಿನ ಪರಿಚಯವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಎಣಿಕೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಕರಾವಳಿಯಲ್ಲಿ ಅಂಬರ್ ಎಂದೊಡನೆ ಹಲವರು ತಿಮಿಂಗಿಲದ ವಾಂತಿಯನ್ನು ನೆನೆಯುತ್ತಾರೆ. ಮಾಲೆ ನೋಡಿದ ನೆರೆಮನೆಯವರು ಕೇಳಿದ ಮೊದಲ ಪ್ರಶ್ನೆಯೂ ಅದೇ ಆಗಿತ್ತು. ಅರಬ್ಬಿ ಭಾಷೆಯ ‘ಅನ್‌ಬರ್’ ಎಂಬ ಶಬ್ದ ಮೂಲತಃ ಆ ಸುಗಂಧದ್ರವ್ಯಕ್ಕೇ ಇದ್ದ ಹೆಸರು, ಅದು ಮುಂದೆ ಈ ಮಣಿಗೂ ಅಂಟಿಕೊಂಡಿತು. ಆದರೆ ವಸ್ತುಗಳು ಬೇರೆ. ಅಲ್ಲಿಯದು ಪ್ರಾಣಿಜನ್ಯ, ಆ ತಿಮಿಂಗಿಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅದರ ವಾಂತಿಯನ್ನು ಮಾರುವುದು ಅಪರಾಧ. ಇಲ್ಲಿಯದು ಮರದ ಅಂಟು ಕೋಟ್ಯಂತರ ವರ್ಷ ಮಣ್ಣಿನಡಿ ಗಟ್ಟಿಯಾಗಿ ಆದದ್ದು. ಕೊಳ್ಳಲು, ಧರಿಸಲು ಯಾವ ಅಡ್ಡಿಯೂ ಇಲ್ಲ. ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿ ಎಂಬ ಹೆಸರಿದೆ. ಉಜ್ಜಿದರೆ ಹುಲ್ಲಿನ ಎಳೆಯನ್ನು ಸೆಳೆಯುವ ಮಣಿ. ಪಾರಸಿಯ ಕಹರುಬಾ ಎಂಬ ಮಾತಿಗೂ ಇದೇ ಅರ್ಥ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದು ಕರೆದರು, 1600ರಲ್ಲಿ ವಿಲಿಯಂ ಗಿಲ್ಬರ್ಟ್ ಈ ಸೆಳೆತದ ಗುಣಕ್ಕೆ ಆ ಹೆಸರನ್ನೇ ಆಧರಿಸಿ ಪದ ಕಟ್ಟಿದ. ಇಂದಿನ ಎಲೆಕ್ಟ್ರಿಸಿಟಿ ಅಲ್ಲಿಂದ ಬಂದದ್ದು.

ಘಟ್ಟದವರಿಗೆ ಇದನ್ನು ವಿವರಿಸುವುದು ಸುಲಭ. ಧೂಪದ ಮರದ ತೊಗಟೆಗೆ ಗಾಯವಾದಾಗ ಒಸರಿ ಗಟ್ಟಿಯಾಗುವ ರಾಳವನ್ನು ಎಲ್ಲರೂ ನೋಡಿದ್ದೇವೆ. ಆ ರಾಳ ಮಣ್ಣಿನಲ್ಲಿ ಹೂತು, ಅದರೊಳಗಿನ ಎಣ್ಣೆಯ ಅಂಶ ಆರಿ, ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತ ಹೋದರೆ ಕಡೆಗೆ ಅಂಬರ್ ಆಗುತ್ತದೆ. ಬಾಲ್ಟಿಕ್ ಕಡಲಂಚಿನ ಅಂಬರಿಗೆ ಸುಮಾರು 3.4 ಕೋಟಿಯಿಂದ 4.8 ಕೋಟಿ ವರ್ಷ ವಯಸ್ಸು. ಮ್ಯಾನ್ಮಾರಿನದಕ್ಕೆ ಸುಮಾರು 9.9 ಕೋಟಿ. ನಮ್ಮ ದೇಶದ ಗುಜರಾತಿನ ಕಂಬಾತ್ ಪ್ರದೇಶದ ಲಿಗ್ನೈಟ್ ಗಣಿಗಳಲ್ಲಿ ಸಿಕ್ಕಿರುವ, 5 ಕೋಟಿ ವರ್ಷಕ್ಕೂ ಹಳೆಯದಾದ ಅಂಬರ್ ನಮ್ಮ ಬಿಳಿ ಧೂಪದ ಮರದ ಕುಟುಂಬದವೇ ಆದ ಮರಗಳಿಂದ ಬಂದದ್ದು. ಈ ದಾರಿಯಲ್ಲಿ ಅರ್ಧಕ್ಕೂ ಬಾರದ, ಕೆಲವು ನೂರು ಅಥವಾ ಕೆಲವು ಸಾವಿರ ವರ್ಷಗಳಷ್ಟೇ ವಯಸ್ಸಾದ ರಾಳಕ್ಕೆ ಕೋಪಲ್ ಎನ್ನುತ್ತಾರೆ. ವ್ಯಾಪಾರದಲ್ಲಿ ಬಿಳಿ ಧೂಪದ ರಾಳಕ್ಕೂ ‘ಇಂಡಿಯನ್ ಕೋಪಲ್’ ಎಂಬ ಹೆಸರಿದೆ ಎಂದರೆ, ಅಂಬರಿಗೂ ಅದಕ್ಕೂ ಎಷ್ಟು ಹತ್ತಿರದ ನೆಂಟಸ್ತನ, ಎಷ್ಟು ದೂರದ ವಯಸ್ಸು ಎಂಬುದು ತಿಳಿಯುತ್ತದೆ. ಮೋಸವಾಗುವುದು ಹೆಚ್ಚಾಗಿ ಈ ನೆಂಟಸ್ತನದಲ್ಲೇ.

ಅಂಗಡಿಯವರು ಪರೀಕ್ಷೆಗೆ ಹಿಂಜರಿಯಲಿಲ್ಲ ಎಂಬುದನ್ನು ಮೆಚ್ಚುಗೆಯಿಂದಲೇ ಬರೆಯುತ್ತೇನೆ. ಒಂದು ಗಾಜಿನ ಲೋಟದಲ್ಲಿ ಉಪ್ಪುನೀರು ಇಟ್ಟುಕೊಂಡಿದ್ದರು. “ನೋಡಿ ಮಾಸ್ತರ್ರೇ, ತೇಲಿದರೆ ಅಂಬರ್, ಮುಳುಗಿದರೆ ಪ್ಲಾಸ್ಟಿಕ್” ಎಂದು ತುಂಡನ್ನು ಹಾಕಿ ತೋರಿಸಿದರು. ತುಂಡು ತೇಲಿತು. ಆದರೆ ಲೋಟದ ತಳದಲ್ಲಿ ಕರಗದ ಸಾಣಿಕಟ್ಟಾ ಉಪ್ಪು ಬೆರಳಿನಷ್ಟು ದಪ್ಪಕ್ಕೆ ಕೂತಿತ್ತು, ತೊಡಕು ಇರುವುದು ಅಲ್ಲಿ. ಅಂಬರಿನ ಸಾಪೇಕ್ಷ ಸಾಂದ್ರತೆ, ಅಂದರೆ ಸಿಹಿನೀರಿನದನ್ನು 1 ಎಂದು ಹಿಡಿದರೆ ಬರುವ ಸಾಂದ್ರತೆ, 1.05ರಿಂದ 1.10. ಉಪ್ಪು ಇನ್ನು ಕರಗದು ಎನ್ನುವಷ್ಟು ಬೆರೆಸಿದ ನೀರಿನದು ಸುಮಾರು 1.20. ಅಂಥ ನೀರಿನಲ್ಲಿ 1.18ರ ಆಕ್ರಿಲಿಕ್ ಕೂಡ ತೇಲುತ್ತದೆ, ಅಂದರೆ ಮುಳುಗಬೇಕಾದ ನಕಲಿಯೂ ಪಾಸಾಗುತ್ತದೆ. ಹಾಗೆಂದು ಎದುರಿಗಿರುವ ಅರಬ್ಬಿ ಸಮುದ್ರದ ನೀರನ್ನೇ ತುಂಬಿ ತಂದರೆ ಅದರ ಸಾಂದ್ರತೆ 1.03ನ್ನೂ ಮುಟ್ಟದೆ ಸಾಚಾ ಅಂಬರೇ ತಳ ಸೇರುತ್ತದೆ. ಕಾಲು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ, ಹರಳುಪ್ಪಾದರೆ ಬಟ್ಟೆಯಲ್ಲಿ ಸೋಸಿ ತೆಗೆದರೆ ನೀರು ಸುಮಾರು 1.12ಕ್ಕೆ ನಿಲ್ಲುತ್ತದೆ. ಆಗ ಗಾಜು, ಬೇಕಲೈಟ್, ಆಕ್ರಿಲಿಕ್‌ಗಳು ಮುಳುಗುತ್ತವೆ; ಅಂಬರ್ ತೇಲುತ್ತದೆ. ಮಾಲೆಯನ್ನು ಕೊಂಡಿಯ ಸಮೇತ ಹಾಕಬಾರದು, ಲೋಹದ ಭಾರ ಲೆಕ್ಕ ಕೆಡಿಸುತ್ತದೆ. ಬಿಡಿ ಮಣಿಯನ್ನು ಹಾಕಿ, ಆಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಈ ಪರೀಕ್ಷೆಗೆ ಒಂದು ಮಿತಿಯಿದೆ: ಕೋಪಲ್ಲಿನ ಸಾಂದ್ರತೆ ಅಂಬರಿನದ್ದೇ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನದೂ ಅಷ್ಟೇ. ನನ್ನ ಕೀಟದ ತುಂಡು ಗಾಳಿಯಲ್ಲಿ 11.20 ಗ್ರಾಂ, ನೀರಿನೊಳಗೆ ತೂಗಿದಾಗ 0.65 ಗ್ರಾಂ ಬಂತು; ಗಾಳಿಯಲ್ಲಿನ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ 1.06. ಸಂಖ್ಯೆ ಅಂಬರಿಗೂ ಹೊಂದುತ್ತದೆ, ಕೋಪಲ್ಲಿಗೂ ಹೊಂದುತ್ತದೆ.

ಉಜ್ಜಿ ಕಾಗದದ ಚೂರು ಸೆಳೆಸುವ ಪರೀಕ್ಷೆಯನ್ನೂ ಅವರು ತೋರಿಸಿದರು. ಪ್ಲಾಸ್ಟಿಕ್ ಬಾಚಣಿಗೆಯೂ ಅದನ್ನೇ ಮಾಡುತ್ತದೆ; ಮೇಲಾಗಿ ನಮ್ಮ ಆಷಾಢದ ಗಾಳಿಯ ತೇವದಲ್ಲಿ ಅಪ್ಪಟ ತೃಣಮಣಿಯೂ ಹುಲ್ಲೆಳೆಯನ್ನು ಸೆಳೆಯಲಾರದು.

ಸಂಶಯ ಬಂದದ್ದು ಕೀಟದಿಂದ. ಭೂತಗನ್ನಡಿಯಲ್ಲಿ ನೋಡಿದಾಗ ಅದು ನಮ್ಮ ಮನೆಯ ಗೋಡೆಯ ಸಂದಿಯಲ್ಲಿ ಗೂಡು ಕಟ್ಟುವ ಮಿಸ್ರಿ ಜೇನಿನ ಪಡಿಯಚ್ಚಿನಂತಿತ್ತು. ಮುಳ್ಳಿಲ್ಲದ ಈ ಜೇನುಗಳು ಗೂಡು ಕಟ್ಟಲು ಮರದ ಅಂಟನ್ನು ಹುಡುಕಿಕೊಂಡು ಹೋಗುವುದರಿಂದ ಅದರಲ್ಲೇ ಸಿಕ್ಕಿ ಸಾಯುವುದು ಸಾಮಾನ್ಯ. ಕೋಪಲ್ಲಿನಲ್ಲಿ ಇವು ಮೇಲಿಂದ ಮೇಲೆ ಕಾಣಸಿಗುತ್ತವೆ. ಡೊಮಿನಿಕನ್ ಗಣರಾಜ್ಯದ ನಿಜವಾದ ಅಂಬರಿನಲ್ಲೂ ಇವುಗಳ ಹಳೆಯ ಬಂಧುಗಳು ಇರುವುದರಿಂದ ಜೇನಿದ್ದ ಮಾತ್ರಕ್ಕೆ ಕೋಪಲ್ ಎನ್ನಲಾಗದು. ಹಾಗಾಗಿ ತುಂಡಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಕೋಪಲ್ಲನ್ನು ಮೆತ್ತಗಾಗಿಸುವ ಆದರೆ ಅಂಬರಿಗೆ ಏನೂ ಮಾಡದ ಅಸಿಟೋನ್ ದ್ರವವನ್ನು ಒಂದು ಹನಿ ಇಟ್ಟೆ. ಅರ್ಧ ನಿಮಿಷದಲ್ಲಿ ಮೇಲ್ಮೈ ಮೆತ್ತಗಾಗಿ ಬೆರಳಿಗೆ ಅಂಟಿತು, ಒಣಗಿದ ಮೇಲೆ ಮಬ್ಬಾಯಿತು. ಮಾಲೆಯ ಮಣಿಯ ತೂತಿನ ಅಂಚಿಗೆ ಅದೇ ಹನಿ ಇಟ್ಟಾಗ ಏನೂ ಆಗಲಿಲ್ಲ. ಉಗುರುಬಣ್ಣ ಅಳಿಸುವ ದ್ರವವನ್ನು ಇದಕ್ಕೆ ಬಳಸುವವರು ಅದರಲ್ಲಿ ಅಸಿಟೋನ್ ಇದೆಯೇ ಎಂದು ಸೀಸೆಯ ಮೇಲೆ ಓದಿಕೊಳ್ಳಬೇಕು, ಅದಿಲ್ಲದ ಸೀಸೆಗಳೂ ಬಹಳ ಬರುತ್ತಿವೆ. ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವ ಹಳೆಯ ಕ್ರಮವನ್ನು ನಾನು ಒಪ್ಪುವುದಿಲ್ಲ. ಪ್ಲಾಸ್ಟಿಕ್ಕಿನ ಸುಟ್ಟ ನಾತವೂ ರಾಳದ ಪರಿಮಳವೂ ಬೇರೆಯಾಗಿ ತಿಳಿಯುತ್ತವೆಂಬುದು ನಿಜವಾದರೂ, ಒಮ್ಮೆ ಬಿದ್ದ ಕಲೆ ಹೋಗುವುದಿಲ್ಲ, ಕೋಪಲ್ಲೂ ರಾಳವೇ ಆದ್ದರಿಂದ ಅದರ ಪರಿಮಳವೂ ದಾರಿ ತಪ್ಪಿಸುತ್ತದೆ.

ಮೂರು ವಾರಗಳ ನಂತರ ಪ್ರಯೋಗಾಲಯದ ವರದಿ ಬಂತು: ತುಂಡು ಕೋಪಲ್, ಮಣಿ ಬಾಲ್ಟಿಕ್ ಅಂಬರ್, ಬಿಸಿ ಮಾಡಿ ತಿಳಿಗೊಳಿಸಿದ್ದು. ಅವಕೆಂಪು ಕಿರಣಗಳ ರೋಹಿತದಲ್ಲಿ ಬಾಲ್ಟಿಕ್ ಅಂಬರಿಗೆ ಅದರದೇ ಆದ ಒಂದು ಗುರುತಿದೆ. ತೂಕದಲ್ಲಿ ಶೇಕಡಾ 3ರಿಂದ 8ರಷ್ಟು ಸಕ್ಸಿನಿಕ್ ಆಮ್ಲ ಇರುವುದೂ ಅದರ ಲಕ್ಷಣ. ಬಿಸಿ ಮಾಡಿದ್ದಕ್ಕೆ ಸಾಕ್ಷಿ ಬರಿಗಣ್ಣಿಗೇ ಕಾಣುತ್ತಿತ್ತು. ಮಣಿಗಳ ಒಳಗೆ ಮೀನಿನ ಹುರುಪೆಯಂತೆ ದುಂಡಗೆ ಹೊಳೆಯುವ ಬಿಲ್ಲೆಗಳಿದ್ದವು. ಎಣ್ಣೆಯಲ್ಲಿ ಕಾಯಿಸುವಾಗ ಒಳಗಿನ ಗುಳ್ಳೆಗಳ ಸುತ್ತ ಬಿರುಕು ಬಿಟ್ಟು ಇವು ಉಂಟಾಗುತ್ತವೆ. ಇದು ನಕಲಿಯ ಗುರುತಲ್ಲ, ಚೆಂದವೂ ಹೌದು. ಆದರೆ ಸಹಜವಾಗಿಯೇ ತಿಳಿಯಾಗಿರುವ, ಅಥವಾ ಬೆಣ್ಣೆಯಂತೆ ಮಂದವಾಗಿರುವ, ಕೈಸೋಕದ ಅಂಬರಿನ ಬೆಲೆಯನ್ನು ಇದಕ್ಕೆ ಕೇಳಬಾರದು. ಚೂರುಗಳನ್ನು ಕಾಯಿಸಿ ಒತ್ತಿ ಒಂದಾಗಿಸಿದ ಅಂಬರಿಗೆ ಬೆಲೆ ಇನ್ನೂ ಕಡಿಮೆಯಾಗಬೇಕು. ಅದರಲ್ಲಿ ಗುಳ್ಳೆಗಳು ಒಂದೇ ದಿಕ್ಕಿಗೆ ಉದ್ದುದ್ದ ಎಳೆದಂತೆ ಇರುತ್ತವೆ, ನನ್ನ ಮಾಲೆಯಲ್ಲಿ ಅಂಥದ್ದು ಕಾಣಲಿಲ್ಲ. ಗ್ರಾಮಿಗೆ 300 ರೂಪಾಯಿಯಂತೆ ನಾನು ಕೊಟ್ಟದ್ದು ತುಸು ಹೆಚ್ಚೇ ಎನಿಸಿದರೂ, ಮಣಿಗಳೆಲ್ಲ ಒಂದೇ ಬಣ್ಣಕ್ಕೆ ಹೊಂದಿಕೆಯಾಗಿರುವುದರಿಂದ ಮನಸ್ಸಿಗೆ ಖೇದವಿಲ್ಲ. ಅಂಬರ್ ಬಹಳ ಮೃದು, ವಜ್ರಕ್ಕೆ 10 ಎನ್ನುವ ಮೋಸ್ ಮಾಪಕದಲ್ಲಿ ಗಡಸುತನ 2ರಿಂದ 2.5, ಚಿನ್ನದ ಸರದ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಬೀಳುತ್ತದೆ, ಅತ್ತರು ತಗಲಿದರೆ ಹೊಳಪು ಕುಂದುತ್ತದೆ. ಇದನ್ನು ಅಂಗಡಿಯವರೇ ಹೇಳಿ, ಪ್ರತ್ಯೇಕ ಹತ್ತಿಯ ಚೀಲ ಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ನನಗೆ ರಾಜಿಯಿಲ್ಲ. ಅಂಗಡಿಯ ಗೋಡೆಯ ಮೇಲೆ, ಹಲ್ಲು ಬರುವ ಕೂಸಿನ ಕೊರಳಿಗೆ ಅಂಬರ್ ಮಾಲೆ ಕಟ್ಟಿದರೆ ನೋವು ಇಳಿಯುತ್ತದೆ ಎಂಬ ಫಲಕವಿದೆ. ಮೈಬಿಸಿಗೆ ಮಣಿಯಿಂದ ಆಮ್ಲ ಹೊರಬಂದು ಚರ್ಮದ ಮೂಲಕ ಒಳಸೇರಿ ನೋವು ತಗ್ಗಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ದಾರ ಕೊರಳಿಗೆ ಬಿಗಿಯುವ, ಮಣಿ ಕಳಚಿ ಗಂಟಲಿಗೆ ಸಿಗುವ ಅಪಾಯ ಮಾತ್ರ ನಿಜ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ಇಂಥ ಮಾಲೆಗಳ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ಆ ಫಲಕವನ್ನು ತೆಗೆಯಬೇಕೆಂದು ಎರಡು ಸಲ ಹೇಳಿದ್ದೇನೆ.

ವರದಿಯನ್ನು ತೋರಿಸಿದಾಗ ಅಂಗಡಿಯವರು ವಾದಿಸಲಿಲ್ಲ. “ಸರಕು ತಂದುಕೊಡುವವರು ಹೇಳಿದ್ದನ್ನೇ ನಾವು ಹೇಳಿದ್ದು, ಮಾಸ್ತರ್ರೇ” ಎಂದು ಪೂರ್ತಿ ಹಣ ಹಿಂದಿರುಗಿಸಲು ಮುಂದಾದರು. ಜೀವಶಾಸ್ತ್ರ ಓದಿದ ಮಗಳಿಗೆ ಆ ಜೇನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ರೆಕ್ಕೆಯ ನರಗಳು, ಕಾಲಿನ ಕೂದಲು ಕೂಡ ಕಾಣುವಷ್ಟು ಚೆನ್ನಾಗಿ ಅದು ಉಳಿದಿದೆ. ಹೀಗಾಗಿ 1,000 ರೂಪಾಯಿ ಅವರಲ್ಲೇ ಬಿಟ್ಟು 3,500 ಮರಳಿ ಪಡೆದೆ. ಕೋಪಲ್ ಎಂದೇ ಹೇಳಿ ಈ ಬೆಲೆಗೆ ಮಾರಿದ್ದರೆ ಮೊದಲ ದಿನವೇ ಸಂತೋಷದಿಂದ ಕೊಳ್ಳುತ್ತಿದ್ದೆ. ಆದರೆ ಚೈತ್ರದಲ್ಲಿ ಮತ್ತೆ ಹೋದಾಗಲೂ ಅಂಥದೇ ಏಳೆಂಟು ತುಂಡುಗಳಿದ್ದ ತಟ್ಟೆಯ ಮೇಲೆ ಬಾಲ್ಟಿಕ್ ಅಂಬರ್ ಎಂಬ ಚೀಟಿ ಹಾಗೆಯೇ ಇತ್ತು, ಗೋಡೆಯ ಫಲಕವೂ ಇತ್ತು. ಮಾಲೆಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ಕೀಟದ ತಟ್ಟೆಗೆ ಒಂದು. ಅಲ್ಲಿ ಮಾಲೆ ಕೊಳ್ಳುವವರು ತೂಕದ ಜೊತೆಗೆ ‘ಬಾಲ್ಟಿಕ್ ಅಂಬರ್, ಬಿಸಿ ಮಾಡಿ ತಿಳಿಗೊಳಿಸಿದ್ದು’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬಹುದು. ನಾನು ಕೇಳಿದಾಗ ಅವರು ಹಾಗೆ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ.