ಜಾಂಗೊ ಫಾರ್ಮ್‌ಗಳು: ತಪ್ಪು ಮೌಲ್ಯ ಬಂದಾಗ ನಡೆದುಕೊಳ್ಳುವ ರೀತಿ

ಬ್ರೌಸರ್‌ನಿಂದ ಸರ್ವರ್‌ಗೆ ಬರುವುದು ಬರಿಯ ಅಕ್ಷರಗಳ ಸಾಲು. ಅದರಲ್ಲಿ ವಯಸ್ಸು ಪೂರ್ಣಾಂಕವಾಗಬೇಕು, ಜನ್ಮದಿನ ದಿನಾಂಕವಾಗಬೇಕು. ಈ ಪರಿವರ್ತನೆ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು ನೋಡಿಯೇ ನಾನು, ವೆಬ್‌ಸೈಟ್ ಕಟ್ಟಲು ಸಿದ್ಧ ಕೋಡ್ ಒದಗಿಸುವ, ಒಂದು ವೆಬ್ ಫ್ರೇಮ್‌ವರ್ಕ್‌ನ ಗುಣವನ್ನು ಅಳೆಯುತ್ತೇನೆ. 2005ರಲ್ಲಿ ಬಿಡುಗಡೆಯಾದ, ಪೈಥಾನ್‌ ಭಾಷೆಯ ಜಾಂಗೊ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ.

ವಯಸ್ಸಿನ ಜಾಗದಲ್ಲಿ ಯಾರೋ ‘ಇಪ್ಪತ್ತು’ ಎಂದು ಬರೆದು ಕಳಿಸಿದರೆನ್ನಿ. ಪೂರ್ಣಾಂಕದ ಫೀಲ್ಡ್ (ಫಾರ್ಮಿನಲ್ಲಿ ಒಂದು ಮಾಹಿತಿಗೆ ಮೀಸಲಾದ ಜಾಗ) ಅದನ್ನು ಸಂಖ್ಯೆಯಾಗಿಸಲು ಯತ್ನಿಸಿ ಸೋತಾಗ ಪ್ರೋಗ್ರಾಮ್ ಮುರಿದು ಬೀಳುವುದಿಲ್ಲ. ದೋಷವು ಆ ಫೀಲ್ಡ್‌ನ ಹೆಸರಿನಲ್ಲಿ ದಾಖಲಾಗುತ್ತದೆ, ಉಳಿದ ಫೀಲ್ಡ್‌ಗಳ ತಪಾಸಣೆ ಮುಂದುವರಿಯುತ್ತದೆ, ಪೆಟ್ಟಿಗೆ ಸಾಮಾನ್ಯ ಪಠ್ಯದ್ದಾಗಿದ್ದರೆ ಪುಟ ಮತ್ತೆ ತೆರೆದಾಗ ಬಳಕೆದಾರರು ಬರೆದ ‘ಇಪ್ಪತ್ತು’ ಎಂಬ ಪದವೇ ಅಲ್ಲಿರುತ್ತದೆ. ಬರೆದದ್ದನ್ನು ಅಳಿಸಿಹಾಕಿ ಖಾಲಿ ಪೆಟ್ಟಿಗೆಯನ್ನು ಮುಂದಿಡದ ಈ ಸೌಜನ್ಯವನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ತನ್ನ ತಪ್ಪು ಕಣ್ಣೆದುರಿಗಿದ್ದರೆ ಮಾತ್ರ ಮನುಷ್ಯ ಅದನ್ನು ತಿದ್ದಬಲ್ಲ. ಇನ್ನೊಂದು ಸಂತೋಷದ ಸಂಗತಿಯೆಂದರೆ, ಫೀಲ್ಡ್‌ಗೆ ಸಾಮಾನ್ಯ ಪಠ್ಯ ಪೆಟ್ಟಿಗೆಯನ್ನು ಕೊಟ್ಟಿದ್ದರೆ, ಕನ್ನಡ ಅಂಕಿಯ ‘೨೫’ ಯಾವ ತಕರಾರೂ ಇಲ್ಲದೆ 25 ಆಗುತ್ತದೆ. ಪೈಥಾನ್‌ಗೆ ಆ ಅಂಕಿಗಳು ಗೊತ್ತು.

ಪರಿವರ್ತನೆಯಾಗದ ಮೌಲ್ಯ, ತಪಾಸಣೆಯಲ್ಲಿ ಗೆದ್ದ ಮೌಲ್ಯಗಳನ್ನು ಇಡುವ ‘ಕ್ಲೀನ್ಡ್ ಡೇಟಾ’ದಲ್ಲಿ ಇರುವುದಿಲ್ಲ. ಆದ್ದರಿಂದ ಎರಡು ಫೀಲ್ಡ್‌ಗಳನ್ನು ಹೋಲಿಸುವ ‘ಕ್ಲೀನ್’ ಮೆಥಡ್‌ನಲ್ಲಿ ಮೌಲ್ಯವನ್ನು ನೇರವಾಗಿ ಕೀಲಿಯಿಂದ (ಫೀಲ್ಡ್‌ನ ಹೆಸರಿನಿಂದ) ತೆಗೆಯದೆ, ಕೀಲಿ ಇಲ್ಲದಿದ್ದರೂ ದೋಷ ಎಬ್ಬಿಸದ ‘ಗೆಟ್’ ಬಳಸಬೇಕು. ಮರೆತರೆ ಕೀ ಎರರ್, ಅಂದರೆ ಕೀಲಿ ಸಿಗಲಿಲ್ಲವೆಂಬ ದೋಷ, ಬರುತ್ತದೆ.

ಸಂದೇಶಗಳು ಮಾತ್ರ ಬಡವಾಗಿವೆ. ಸರಿಯಾದ ದಿನಾಂಕವನ್ನು ನಮೂದಿಸಿ ಎಂದಷ್ಟೇ ಹೇಳಿದರೆ, ಯಾವ ಕ್ರಮದಲ್ಲಿ ಬರೆಯಬೇಕೆಂದು ಓದುವವರಿಗೆ ತಿಳಿಯುವುದಿಲ್ಲ. ಪ್ರತಿ ಫೀಲ್ಡ್‌ನ ‘ಇನ್‌ವ್ಯಾಲಿಡ್’ ಸಂದೇಶವನ್ನು ಬದಲಿಸುವ ಅವಕಾಶವಿದೆ, ಅದನ್ನು ತಪ್ಪದೆ ಬಳಸಿಕೊಳ್ಳಬೇಕು.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ದೋಷವೇ ಕಾಣದ ಪರಿವರ್ತನೆ. ತಿಂಗಳನ್ನು ಮೊದಲು ಬರೆಯುವ ಅಮೆರಿಕನ್ ಇಂಗ್ಲಿಷಿನ ಮೂಲ ಹೊಂದಿಕೆಯಲ್ಲಿ ‘25/12/2024’ ತಿರಸ್ಕೃತವಾಗುತ್ತದೆ, ಅದು ಒಳ್ಳೆಯದೇ. ಆದರೆ ಏಪ್ರಿಲ್ 3 ಎಂದುಕೊಂಡು ಬರೆದ ‘03/04/2024’ ಸದ್ದಿಲ್ಲದೆ ಮಾರ್ಚ್ 4 ಆಗಿ ಡೇಟಾಬೇಸ್ ಸೇರುತ್ತದೆ. ದಿನಾಂಕದ ಫೀಲ್ಡ್‌ಗೆ ‘ಇನ್‌ಪುಟ್ ಫಾರ್ಮ್ಯಾಟ್ಸ್’ ಮೂಲಕ ಒಂದೇ ಕ್ರಮವನ್ನು ನಿಗದಿಪಡಿಸಿ, ಆ ಕ್ರಮವನ್ನು ಪೆಟ್ಟಿಗೆಯ ಪಕ್ಕದಲ್ಲೇ ಬರೆದಿಡದೆ ಯಾವ ಫಾರ್ಮನ್ನೂ ನಾನು ಬಳಕೆಗೆ ಬಿಡುವುದಿಲ್ಲ.